ಕಡವೆಯ ಹಿಮ್ಮೇಳ

ಗೋಡೆಯ ಪರದೆಯಲ್ಲಿ ತನ್ನ ಗಂಡ ಬೆಟ್ಟ ಹತ್ತುವುದನ್ನು ವಾಗ್ದೇವಿ ನೋಡುತ್ತಿದ್ದಳು. ಅವನ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಎರಡು ಗೆರೆಗಳು ಮಾತ್ರ. ಹಳದಿ ಗೆರೆ ಯೋಗಾನರಸಿಂಹನ ಕೈಕಾಲಿನದು. ಸ್ಟೀರಿಂಗನ್ನು ಎತ್ತ ತಿರುಗಿಸಿದ, ಆಕ್ಸಿಲರೇಟರನ್ನು ಎಷ್ಟು ಒತ್ತಿದ ಎಂಬುದನ್ನು ಅದು ಹೇಳುತ್ತಿತ್ತು. ಹಸಿರು ಗೆರೆ ಗಾಡಿಯದು; ಚಕ್ರಗಳು ನಿಜಕ್ಕೂ ಏನು ಮಾಡಿದವು ಎಂಬುದು ಅದರಲ್ಲಿತ್ತು. ಬಂಡೆಯ ನೆತ್ತಿ ಹತ್ತಿರವಾದಾಗ ಹಳದಿ ಗೆರೆ ಎಡಕ್ಕೆ ವಾಲಿತು. ಎಡಕ್ಕೆ ಕಂದಕವಿತ್ತು. ಹಸಿರು ಗೆರೆ ಬಲಕ್ಕೆ ಹೋಯಿತು. ಗಾಡಿ ಬಂಡೆ ಏರಿ ನಿಂತಿತು.

ಸ್ವಲ್ಪ ಹೊತ್ತಿಗೆ ಅವಳ ಫೋನಿಗೆ ಸಂದೇಶ ಬಂತು. "ಹತ್ತಿಸ್ಬಿಟ್ಟೆ ಕಣೇ ವಾಗೀ. ಒಂದೇ ಉಸಿರಿಗೆ."

ಅವಳು 'ಭೇಷ್' ಎಂದು ಬರೆದು ಕಳಿಸಿದಳು. ಆಮೇಲೆ, ಕಂಟ್ರೋಲ್ ರೂಮಿನಲ್ಲಿ ಯಾರೂ ತನ್ನತ್ತ ನೋಡುತ್ತಿರದಿದ್ದರೂ, ಪರದೆಯನ್ನು ಬೇರೆ ಗಾಡಿಗೆ ಬದಲಾಯಿಸಿದಳು.

ಗಾಡಿಯೊಂದು ತಾನು ಮಾಡುವ ಸಹಾಯವನ್ನು ಬಚ್ಚಿಟ್ಟುಕೊಂಡರೆ ಏನಾಗುತ್ತದೆ? ಈ ಪ್ರಶ್ನೆ ಮೊದಲು ಹುಟ್ಟಿದ್ದು ಕಂಪನಿಯಲ್ಲಲ್ಲ, ತುಮಕೂರಿನ ಒಂದು ಹೋಟೆಲಿನ ಮಹಡಿಯ ಮೇಲೆ, 'ಕಡವೆ ಬಳಗ'ದ ಸಭೆಯಲ್ಲಿ. ಕಡವೆ ಎಂದರೆ ಅರಣ್ಯ ಇಲಾಖೆಯವರೂ ದನದ ಡಾಕ್ಟರರೂ ಕರೆಂಟಿನವರೂ ಒಂದು ಕಾಲಕ್ಕೆ ಓಡಿಸುತ್ತಿದ್ದ ಡೀಸೆಲ್ ಜೀಪು. ಹೆಸರಿಗೆ ತಕ್ಕಂತೆ ಗುಡ್ಡಕ್ಕೆ ಹೆದರದ ಗಾಡಿ. ಡೀಸೆಲಿನ ಕಾಲ ಮುಗಿದು ಅದರ ತಯಾರಿಕೆ ನಿಂತಿತ್ತು. ಮತ್ತೆ ಹೊಸದಾಗಿ, ವಿದ್ಯುತ್ತಿನ ಗಾಡಿಯಾಗಿ ರೂಪಿಸಿ ತರುತ್ತೇವೆ ಎಂದು ಕಂಪನಿ ಹೇಳಿದಾಗ ಬಳಗದವರು ಹಬ್ಬಕ್ಕೆ ಬಟ್ಟೆ ಆರಿಸುವವರಂತೆ ಸಡಗರದಿಂದ ಕೂತರು. ಜೊತೆಗೆ ಅನುಮಾನವೂ ಇತ್ತು. ಸಭೆಗೆ ಕಂಪನಿಯ ಪರವಾಗಿ ಹೋದವಳು ವಾಗ್ದೇವಿಯೇ. ಚಕ್ರಗಳ ಬುದ್ಧಿ ಬರೆಯುವ ಕೆಲಸ ಅವಳದು.

"ದೀಪ ಗುಂಡಗಿರಬೇಕು ಮೇಡಂ. ಚೌಕ ಮಾಡಿದ್ರೆ ಅದು ಕಡವೆ ಅಲ್ಲ, ಫ್ರಿಜ್ಜು," ಎಂದಿದ್ದ ಟೈಲ್ಸ್ ಅಂಗಡಿಯ ಷಡಕ್ಷರಿ.

"ಬಾಗಿಲು ಬಿಚ್ಚಿಡೋ ಹಾಗಿರಲಿ. ಎ.ಸಿ. ಬೇಡ."

"ಎ.ಸಿ. ಇರ್ಲಿ ಬಿಡ್ರೀ, ಮನೆಯವ್ರು ಕೂತ್ಕೋತಾರೆ," ಎಂದು ಇನ್ನೊಬ್ಬರು ಮೆಲ್ಲಗೆ ಸೇರಿಸಿದ್ದರು. "ಆದ್ರೆ ಕಾಣ್ಬಾರ್ದು."

ಎಲ್ಲರೂ ಒಂದೇ ದನಿಯಲ್ಲಿ ಕೇಳಿದ್ದು ಒಂದನ್ನೇ. ಕಂಪ್ಯೂಟರು ಕೈ ಹಿಡಿಯಬಾರದು. ಗೇರು ಹಾಕಿದರೆ ಅದು ಒಂದಿಷ್ಟು ಗೊಣಗಬೇಕು. ಕ್ಲಚ್ಚು ಕಾಲಿಗೆ ಎದುರು ಹೇಳಬೇಕು. ಹತ್ತಿದರೆ ನಾವು ಹತ್ತಿಸಿದ್ದು, ಜಾರಿದರೆ ನಾವು ಜಾರಿಸಿದ್ದು. ಈ ಮಾತನ್ನು ಎದ್ದು ನಿಂತು ಹೇಳಿದವನು ಯೋಗಾನರಸಿಂಹ. ಬಿ.ಎಚ್. ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡ ಅವನು ಬಳಗದಲ್ಲಿ ಎಲ್ಲರಿಗಿಂತ ಅಂಜುವ ಚಾಲಕ. ಏರಿನ ಅರ್ಧಕ್ಕೆ ಗಾಡಿ ನಿಲ್ಲಿಸಿ ಕೆಳಗಿಳಿದುಬಿಡುವವನೆಂದು ಷಡಕ್ಷರಿ ಅವನನ್ನು 'ಅರ್ಧಏರು ಯೋಗಣ್ಣ' ಎಂದು ಕರೆಯುತ್ತಿದ್ದ. ಆದರೂ ಆ ಗಾಡಿಯ ಮೇಲೆ ಅವನಿಗಿದ್ದಷ್ಟು ಪ್ರೀತಿ ಬೇರೆ ಯಾರಿಗೂ ಇರಲಿಲ್ಲ.

ಅತ್ತ ಕಾಯಿದೆ ಬೇರೆಯೇ ಹೇಳುತ್ತಿತ್ತು. ಗುಡ್ಡ ಹತ್ತುವ ಹೊಸ ಗಾಡಿಗೆ, ಚಾಲಕನ ತಪ್ಪನ್ನು ತಿದ್ದುವ ವ್ಯವಸ್ಥೆ ಇರಲೇಬೇಕು. ಬಳಗಕ್ಕೆ ಸಹಾಯ ಬೇಡ, ಕಾಯಿದೆಗೆ ಬೇಕು. ಎರಡರ ನಡುವೆ ವಾಗ್ದೇವಿಗೆ ದಾರಿ ತೋರಿಸಿದ್ದು ಅವಳ ತವರು.

ಅವಳ ತಂದೆ ಊರಿನ ಮಠದ ಜಗುಲಿಯಲ್ಲಿ ಕಾವ್ಯವಾಚನ ಮಾಡುತ್ತಿದ್ದರು. ಷಟ್ಪದಿಯನ್ನು ರಾಗವಾಗಿ ಎತ್ತಿದರೆ ಹಾದಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಎಲ್ಲಾದರೂ ನೆನಪು ತಪ್ಪಿತೋ, ಹಿಂದಿನ ಬಾಗಿಲಲ್ಲಿ ಕೂತ ಅಮ್ಮ ಮುಂದಿನ ಸಾಲಿನ ಮೊದಲ ಅಕ್ಷರವನ್ನು ರಾಗದೊಳಗೇ ಗುನುಗುತ್ತಿದ್ದಳು. ಅದು ಕೇಳುವವರಿಗೆ ತಿಳಿಯುತ್ತಿರಲಿಲ್ಲ. ಅಪ್ಪನಿಗೂ ತಿಳಿಯುತ್ತಿರಲಿಲ್ಲ, ಪದ್ಯ ತಾನಾಗಿ ಬಾಯಿಗೆ ಬಂತೆಂದೇ ಅವರ ಎಣಿಕೆ. ಆ ಜಗುಲಿಯ ಕಂಬಕ್ಕೊರಗಿ ಕೇಳುತ್ತ ಬೆಳೆದ ವಾಗ್ದೇವಿಗೆ ಅದಕ್ಕಿಂತ ಮೃದುವಾದ ಪ್ರೀತಿ ಇನ್ನೊಂದಿದೆ ಎನಿಸಿರಲಿಲ್ಲ. ತನ್ನ ವ್ಯವಸ್ಥೆಗೆ ಅವಳಿಟ್ಟ ಹೆಸರು 'ಹಿಮ್ಮೇಳ'.

ಹೊಸ ಕಡವೆಯ ಒಂದೊಂದು ಚಕ್ರಕ್ಕೂ ಒಂದೊಂದು ಮೋಟಾರು. ಗೇರು, ಕ್ಲಚ್ಚು ಬಳಗದವರ ಆಸೆಗೆಂದು ಇಟ್ಟ ಅಣಕು ಮಾತ್ರ. ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ನಂಟಿಲ್ಲ, ತಂತಿಯ ನಂಟು ಮಾತ್ರ. ಚಕ್ರದ ನಡುವೆ ಕೂತ ಸಂವೇದಕಗಳು ನೆಲ ಜಾರುವ ಮೊದಲೇ ಅದು ಜಾರಲಿದೆ ಎಂದು ತಿಳಿಯುತ್ತವೆ. ಚಾಲಕ ತಪ್ಪಿದರೆ ಹಿಮ್ಮೇಳ ಕಣ್ಣು ಮಿಟುಕಿಸುವುದರೊಳಗೆ ತಿದ್ದುತ್ತದೆ. ಅದರ ಕುಶಲತೆ ಇದ್ದುದು ಆಮೇಲಿನದರಲ್ಲಿ. ಚಾಲಕ ತಿರುಗಿಸಿದ್ದು ಒಂದು, ಚಕ್ರ ತಿರುಗಿದ್ದು ಇನ್ನೊಂದು. ಸ್ಟೀರಿಂಗಿನಿಂದ ಕೈಗೆ ಬರುವ ಅದುರು ಮಾತ್ರ ಮೊದಲನೆಯದಕ್ಕೆ ಒಪ್ಪುವಂಥದು. ನಂಬಿಕೆ ಬರಲೆಂದು ಅದು ಆಗಾಗ ಸಣ್ಣಪುಟ್ಟ ಸೋಲುಗಳನ್ನೂ ಬಿಟ್ಟುಕೊಡುತ್ತಿತ್ತು. ಕೆಸರಲ್ಲಿ ಒಂದು ಸುತ್ತು ಚಕ್ರ ತಿರುಗಲಿ, ಗೇರು ಒಮ್ಮೆ ಕಿರ್ರೆನ್ನಲಿ ಎಂಬಂತೆ.

ಮೊದಮೊದಲು ಹಿಮ್ಮೇಳ ಕೆಲಸ ಮಾಡಿದಾಗ ಚಾಲಕನ ಕಣ್ಣ ಮುಂದೆ ಒಂದು ಪುಟ್ಟ ದೀಪ ಹೊತ್ತುವಂತೆ ಅವಳು ಮಾಡಿದ್ದಳು. ಪರೀಕ್ಷೆಗೆ ಬಂದವರ ಮುಖ ಆ ದೀಪ ಕಂಡೊಡನೆ ಬಾಡುತ್ತಿತ್ತು. ಅವಳ ಮೇಲಧಿಕಾರಿ ಪ್ರಭಂಜನ ದೀಪ ತೆಗೆಸಿದ. ಅವಳು ಇಲ್ಲವೆನ್ನಲಿಲ್ಲ. ಯಾವ ಹಂತದಲ್ಲಿ ಮನುಷ್ಯನಿಗೆ 'ಇದು ನಾನು ಮಾಡಿದ್ದಲ್ಲ' ಎಂಬ ಸಂಶಯ ಹುಟ್ಟುತ್ತದೆ ಎಂದು ಅಳೆಯಬೇಕಾದಾಗ, ಅವಳು ಅಳೆದದ್ದು ಮನೆಯಲ್ಲೇ ಇದ್ದ ಅಂಜುಬುರುಕನನ್ನು. ಯೋಗಾನರಸಿಂಹ ಭಾನುವಾರದ ಸುತ್ತಾಟ ಮುಗಿಸಿ ಬಂದು ಊಟಕ್ಕೆ ಕೂತಾಗ ಅವಳು ಹುಳಿ ಬಡಿಸುತ್ತ ಕೇಳುತ್ತಿದ್ದಳು, "ಇವತ್ತು ಸ್ಟೀರಿಂಗು ಏನಾದ್ರೂ ಬೇರೆ ಥರ ಅನ್ನಿಸ್ತಾ?" "ಇಲ್ಲ ಕಣೇ, ನಾನು ಅಂದ್ಕೊಂಡ ಹಾಗೇ ಬಂತು," ಎಂದು ಅವನು ಹೇಳಿದಷ್ಟೂ ಹಿಮ್ಮೇಳ ಪಕ್ವವಾಯಿತು.

ಅವನೂ ಬದಲಾದ. ಬೆನ್ನು ನೆಟ್ಟಗಾಯಿತು. ಅಂಗಡಿಯಲ್ಲಿ ಔಷಧಿ ಕಂಪನಿಯವರೊಡನೆ ದನಿಯೆತ್ತಿ ಮಾತಾಡತೊಡಗಿದ. ಬಚ್ಚಲಲ್ಲಿ ಹಾಡಿಕೊಳ್ಳುತ್ತಿದ್ದ. ಷಡಕ್ಷರಿ ಹಳೆಯ ಅಡ್ಡಹೆಸರು ಬಿಟ್ಟು 'ಗುರುಗಳೇ' ಎನ್ನತೊಡಗಿದ.

ಕಾರ್ತಿಕಕ್ಕೆ ಕೆಲವು ದಿನ ಇರುವಾಗ, ಸಂಜೆ ಅವನು ಮೈಸೂರ್‌ಪಾಕಿನ ಪೊಟ್ಟಣ ಹಿಡಿದು ಮನೆಗೆ ಬಂದ.

"ಈ ಸಲ ಮೊದಲ ಏರು ನನಗೇ ಕೊಟ್ಟಿದಾರೆ," ಎಂದ.

ಪ್ರತಿ ಕಾರ್ತಿಕದ ಮೊದಲ ಭಾನುವಾರ ಬಳಗದವರು ಕರೇಕಲ್ಲು ಬೆಟ್ಟದ ಬುಡದಲ್ಲಿ ಸೇರುತ್ತಿದ್ದರು. ಉಳಿದಿರುವ ಹಳೆಯ ಡೀಸೆಲ್ ಕಡವೆಯೊಂದಕ್ಕೆ ಅಂದು ಪೂಜೆ. ಬಳಗದ ಹಿರಿಯರನ್ನು ಎಡಗಡೆ ಕೂರಿಸಿಕೊಂಡು ಆ ವರ್ಷದ ಒಳ್ಳೆಯ ಚಾಲಕ ಅದನ್ನು ಬೆಟ್ಟಕ್ಕೆ ಹತ್ತಿಸಬೇಕು. ಅದಾದ ಮೇಲೆಯೇ ಹೊಸ ಗಾಡಿಗಳು.

ವಾಗ್ದೇವಿ ಪೊಟ್ಟಣ ಬಿಚ್ಚುತ್ತಿದ್ದವಳು ಅಲ್ಲೇ ನಿಂತಳು. "ಹಳೇದನ್ನಾ?"

"ಮತ್ತೆ? ಮುದ್ದುರಂಗಪ್ಪ ಡಾಕ್ಟ್ರು ಪಕ್ಕ ಕೂರ್ತಾರಂತೆ. 'ಯೋಗಣ್ಣ ಓಡಿಸೋದಾದ್ರೆ ನಾನು ಕಣ್ಣು ಮುಚ್ಕೊಂಡ್ ಕೂರ್ತೀನಿ' ಅಂದ್ರು ಕಣೇ, ಎಲ್ಲರ ಮುಂದೆ."

"ಹಳೇ ಗಾಡಿ ಮುಟ್ಟಿ ಎಷ್ಟು ದಿನ ಆಯ್ತೋ ಏನೋ."

"ಕೈ ಒಂದೇ ಅಲ್ವಾ. ಗಾಡಿ ಹೊಸದಾದ್ರೇನು, ಹಳೇದಾದ್ರೇನು," ಎಂದು ಅವನು ನಕ್ಕ. ಅವಳ ಬಾಯಿಗೆ ಮೈಸೂರ್‌ಪಾಕಿನ ಒಂದು ತುಂಡು ಇಟ್ಟ.

ಮರುದಿನ ಅವಳು ಕಂಟ್ರೋಲ್ ರೂಮಿನಲ್ಲಿ ಅವನ ಅಷ್ಟೂ ಓಡಾಟವನ್ನು ತೆಗೆದು ನೋಡಿದಳು. ಹಿಮ್ಮೇಳದ ಪಾಲು ಹೆಚ್ಚಿರುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಮೊದಲ ತಿಂಗಳುಗಳಲ್ಲಿ ಹಳದಿ ಗೆರೆ ತಡವರಿಸುತ್ತಿತ್ತು. ಅದು ಅಂಜುವವನ ಗೆರೆ, ಅಪಾಯ ಕಂಡರೆ ನಿಲ್ಲುವ ಗೆರೆ. ಈಚಿನ ಗೆರೆಗೆ ತಡವರಿಕೆಯೇ ಇಲ್ಲ. ಗಾಡಿ ಜಾರುವ ಕಡೆ ಅವನು ಆಕ್ಸಿಲರೇಟರ್ ಒತ್ತುತ್ತಿದ್ದ. ಇಳಿಜಾರಿನಲ್ಲಿ ಕ್ಲಚ್ ತುಳಿಯುತ್ತಿದ್ದ. ಬಂಡೆಯ ಅಂಚಿಗೆ ಬಂದಾಗ ಸ್ಟೀರಿಂಗನ್ನು ತಪ್ಪು ಕಡೆಗೆ, ಪೂರ್ತಿ ಧೈರ್ಯದಿಂದ ಎಳೆಯುತ್ತಿದ್ದ. ತಪ್ಪಿದಾಗಲೆಲ್ಲ ಗೆದ್ದದ್ದರಿಂದ ಆ ತಪ್ಪೇ ಅವನಿಗೆ ಕಲೆಯಾಗಿತ್ತು. ಹಿಂದೆ ಅವನಿಗೆ ಬಾರದಿದ್ದುದು ಓಡಿಸುವುದು. ಈಗ ಬಾರದಿದ್ದುದು ಹೆದರುವುದು.

ಅವಳು ಬೇರೆ ಹೆಸರುಗಳನ್ನೂ ತೆಗೆದಳು. ಷಡಕ್ಷರಿ. ಹೋದ ವರ್ಷ ಹೊಸ ಗಾಡಿ ಓಡಿಸಿದ್ದ ಮುದ್ದುರಂಗಪ್ಪನವರು. ಬೆಂಗಳೂರಿನಿಂದ ಬರುವ ದಂಪತಿ. ಎಲ್ಲರ ಗೆರೆಯೂ ಒಂದೇ ದಾರಿ ಹಿಡಿದಿತ್ತು. ಅವಳ ಗಂಡನದು ಎಲ್ಲರಿಗಿಂತ ಮುಂದೆ ಹೋಗಿತ್ತು, ಅಷ್ಟೇ.

ಪ್ರಭಂಜನನ ಕೋಣೆಗೆ ಹೋಗಿ ಅವಳು ಗೆರೆಗಳನ್ನು ತೋರಿಸಿದಳು.

"ಹೊಸ ಕಡವೇಲಿ ಯಾರಿಗಾದ್ರೂ ಏಟಾಗಿದ್ಯಾ?" ಎಂದ ಅವನು.

"ಇಲ್ಲ. ಹಳೇದನ್ನ ಹತ್ತಿಸ್ತಾರೆ ಭಾನುವಾರ."

"ಅದು ನಮ್ಮ ಗ್ಯಾರಂಟಿ ಮುಗಿದಿರೋ ಗಾಡಿ, ವಾಗ್ದೇವಿ."

"ನಮ್ಮ ಗಾಡಿಯಿಂದ್ಲೇ ಅವರು ಕೆಟ್ಟಿದ್ದು."

ಅವನು ಕೆಟ್ಟವನಲ್ಲ. ಕಿಟಕಿಯಾಚೆ ಸಾಲಾಗಿ ನಿಂತ ಗುಂಡುದೀಪದ ಗಾಡಿಗಳನ್ನು ನೋಡಿದ. "ಜನಕ್ಕೆ ಇಷ್ಟವಾಗಿದ್ದು ಗಾಡಿ ಅಲ್ಲ ರೀ. ಗಾಡೀಲಿ ಕೂತಾಗ ತಾವು ಹೇಗೆ ಕಾಣ್ತೀವಿ ಅನ್ನೋದು. ಅದನ್ನ ಕಿತ್ಕೊಂಡ್ರೆ ಏನು ಉಳೀತದೆ? ಮನೆಯವ್ರಿಗೆ ಏನಾದ್ರೂ ನೆವ ಹೇಳಿ. ಜ್ವರ ಅನ್ನಿ, ತಲೆನೋವು ಅನ್ನಿ. ಈ ಭಾನುವಾರ ತಪ್ಪಿಸಿ ಸಾಕು."

ನೆವ ಹೇಳಬಹುದಿತ್ತು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಅವಳು ನೆವಗಳನ್ನು ಒಂದೊಂದಾಗಿ ಜೋಡಿಸಿದಳು. ಎಲ್ಲವೂ ಸಲೀಸಾಗಿ ಬಂದವು, ಅದೇ ಅವಳಿಗೆ ಹೇಸಿಗೆಯಾಯಿತು. ಆಗ ನೆನಪಾದದ್ದು ಅಪ್ಪನ ಒಂದು ಸಂಜೆ. ಅಮ್ಮ ತನ್ನ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಅಪ್ಪ ತುಂಬಿದ ಜಗುಲಿಯ ಮುಂದೆ ಪದ್ಯವೆತ್ತಿ, ಮೂರನೆಯ ಸಾಲಿಗೆ ನಿಂತುಬಿಟ್ಟರು. ಅವರ ಕಣ್ಣು ತಾನಾಗಿ ಹಿಂದಿನ ಬಾಗಿಲಿಗೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲೇ ಅವರಿಗೆ ಎಲ್ಲ ತಿಳಿದುಹೋಯಿತು. ಅಮ್ಮ ಹಿಂತಿರುಗಿದ ದಿನ ಅವರು ಕೇಳಿದ್ದು ಒಂದೇ ಮಾತು. "ಇಷ್ಟು ವರ್ಷ ಓದಿದ್ದು ಯಾರು ಹಾಗಾದ್ರೆ?" ಅಪ್ಪ ಆ ಮೇಲೆ ಜಗುಲಿ ಹತ್ತಲಿಲ್ಲ. ಕಂಬಕ್ಕೊರಗಿದ ಹುಡುಗಿಗೆ ಅಷ್ಟು ವರ್ಷವೂ ಕಂಡದ್ದು ಅಮ್ಮನ ಪ್ರೀತಿ ಮಾತ್ರ. ಅಪ್ಪನ ಮುಖವನ್ನು ಅವಳು ಸರಿಯಾಗಿ ನೋಡಿರಲೇ ಇಲ್ಲ.

ಯೋಗಾನರಸಿಂಹ ಹಜಾರದಲ್ಲಿ ಕೂತು ಹಳೆಯ ಕಡವೆಯ ಫೋಟೋಗಳನ್ನು ನೋಡುತ್ತಿದ್ದ. ಅವಳು ಚೀಲ ಇಟ್ಟು ಎದುರಿಗೆ ಕೂತಳು. ದೇವರ ಮನೆಯ ದೀಪ ಇನ್ನೂ ಹಚ್ಚಿರಲಿಲ್ಲ.

"ರೀ, ಭಾನುವಾರ ನೀವು ಓಡಿಸಬೇಡಿ."

"ಯಾಕೆ, ಕೆಟ್ಟ ಕನಸು ಬಿತ್ತಾ?"

ಅವಳು ಹೇಳಿದಳು. ದೀಪ ತೆಗೆಸಿದ್ದು, ಗೆರೆಗಳು, ಹಿಮ್ಮೇಳ, ಹುಳಿ ಬಡಿಸುತ್ತ ಕೇಳಿದ ಪ್ರಶ್ನೆಗಳು. ಹೇಳುವಾಗ ಅವನ ಮುಖ ನೋಡಲಾಗದೆ ಅವನ ಕೈಗಳನ್ನು ನೋಡಿದಳು. ಅವು ಫೋಟೋ ಹಿಡಿದಂತೆಯೇ ಇದ್ದವು.

ಫೋಟೋದಿಂದ ಕಣ್ಣೆತ್ತದೆ ಅವನು ಕೇಳಿದ. "ಜಾರುಬಂಡೆ ಹತ್ತಿಸಿದ್ದು?"

"ನೀವಲ್ಲ."

"ಹುಣಸೆಕಟ್ಟೆ ಕೆಸರು? ಷಡಕ್ಷರಿ ಸಿಕ್ಕಿಹಾಕ್ಕೊಂಡು ನಾನು ಎಳೆದು ತಂದ್ನಲ್ಲ?"

"ಅದೂ ನೀವಲ್ಲ."

"ಕಲ್ಲುಮೆಟ್ಟಿಲು?"

ಅವಳು ತಲೆ ಅಲ್ಲಾಡಿಸಿದಳು. ಅವನು ಒಂದೊಂದೇ ಏರಿನ ಹೆಸರು ಹೇಳಿದ. ದೇವರ ಮುಂದೆ ಒಡವೆ ಬಿಚ್ಚಿಡುವವನಂತೆ, ಅವಸರವಿಲ್ಲದೆ, ಯಾವುದನ್ನೂ ಬಿಡದೆ. ಪ್ರತಿಯೊಂದಕ್ಕೂ ಅವಳು ಅದೇ ಉತ್ತರ ಕೊಡಬೇಕಾಯಿತು. ಕೊನೆಗೆ ಹೆಸರುಗಳು ತೀರಿದವು. ಮುಗಿಯಿತೆಂದು ಅವಳು ಅಂದುಕೊಂಡಳು.

"ಮಾವನವರಿಗೆ ಎದೆನೋವು ಬಂದಾಗ ಹಳ್ಳ ದಾಟಿಸಿದ್ದು?" ಎಂದ. ದನಿ ಸಣ್ಣಗಿತ್ತು. "ನೀರು ಬಾಗಿಲವರೆಗೆ ಬಂದಿತ್ತು. ಅವರು ನನ್ನ ತೋಳು ಹಿಡ್ಕೊಂಡಿದ್ರು."

ಇದೊಂದಕ್ಕೆ ಸುಳ್ಳು ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. ಅವಳು ಬಾಯಿ ಬಿಗಿಹಿಡಿದು ಕೂತಳು. ಆ ಮೌನವೇ ಅವನಿಗೆ ಸಾಕಾಯಿತು. ಅವನು ಎದ್ದು ಫೋಟೋವನ್ನು ಮಗುಚಿಟ್ಟು ಒಳಗೆ ಹೋದ. ಊಟಕ್ಕೆ ಕರೆದಾಗ ಬಂದ, ಉಂಡ, ಎಲೆ ತೆಗೆದ. "ನನ್ನ ಮೇಲೇ ಅಳೆದ್ಯಲ್ಲ," ಎಂದು ಮಾತ್ರ ಹೇಳಿದ. ಕೋಪವಿರಲಿಲ್ಲ ಅದರಲ್ಲಿ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನು ಸ್ನಾನ ಮಾಡಿ ನಾಮ ಹಚ್ಚಿ ಹೊರಟ. ಅವನು ಹೋಗುವುದೇ ಇಲ್ಲವೇನೋ ಎಂದುಕೊಂಡಿದ್ದ ವಾಗ್ದೇವಿ ಅವನ ಹಿಂದೆಯೇ ಹೋಗಿ ಗಾಡಿಯಲ್ಲಿ ಕೂತಳು. ದಾರಿಯುದ್ದಕ್ಕೂ ಅವನು ಹೊಸ ಕಡವೆಯನ್ನು ನಡಿಗೆಯಷ್ಟೇ ಮೆಲ್ಲಗೆ ಓಡಿಸಿದ. ಪ್ರತಿ ತಿರುವಿಗೂ ಸ್ಟೀರಿಂಗನ್ನು ಅಪರಿಚಿತ ನಾಯಿಯನ್ನು ಮುಟ್ಟುವಂತೆ ಮುಟ್ಟುತ್ತಿದ್ದ.

ಕರೇಕಲ್ಲು ಬೆಟ್ಟದ ಬುಡದ ಬಯಲಿನಲ್ಲಿ ಗಾಡಿಗಳು ಅರ್ಧಚಂದ್ರಾಕಾರವಾಗಿ ನಿಂತಿದ್ದವು. ನಡುವೆ ಹಳೆಯ ಕಡವೆ, ಚೆಂಡುಹೂವಿನ ಹಾರ, ಚಕ್ರಗಳಡಿ ನಿಂಬೆಹಣ್ಣು. ದನದ ಡಾಕ್ಟರಾಗಿ ಒಂದು ಕಾಲಕ್ಕೆ ಆ ಗಾಡಿಯಲ್ಲೇ ಹಳ್ಳಿಹಳ್ಳಿ ತಿರುಗಿದ್ದ ಮುದ್ದುರಂಗಪ್ಪನವರು ಆಗಲೇ ಎಡಗಡೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದರು.

"ಬಾರಪ್ಪ ಯೋಗಣ್ಣ. ಬಿಸಿಲೇರಿದ್ರೆ ನನ್ ತಲೆ ಕಾಯ್ತದೆ."

ಯೋಗಾನರಸಿಂಹ ಗಾಡಿಯ ಹತ್ತಿರ ಹೋದ. ಹತ್ತಲಿಲ್ಲ. ಬಾನೆಟ್ಟಿನ ಮೇಲೆ ಕೈ ಇಟ್ಟು ಎಲ್ಲರಿಗೂ ಕೇಳಿಸುವಂತೆ ಹೇಳಿದ. "ನನಗೆ ಓಡಿಸೋಕೆ ಬರಲ್ಲ."

ಜನ ನಕ್ಕರು. ಷಡಕ್ಷರಿ ಚಪ್ಪಾಳೆ ತಟ್ಟಿದ. "ನೋಡ್ರಪ್ಪ, ವಿದ್ಯೆ ಬಂದಷ್ಟೂ ಬಗ್ಗೋರು ಅಂದ್ರೆ ಇವರು. ಹತ್ತಿ ಗುರುಗಳೇ, ಸಾಕು ವಿನಯ."

"ವಿನಯ ಅಲ್ಲ. ನಿಜಕ್ಕೂ ಬರಲ್ಲ."

ಮತ್ತೂ ನಕ್ಕರು. ಯಾರೋ ಹಾರ ತಂದು ಅವನ ಕೊರಳಿಗೆ ಹಾಕಿದರು. ಅವನು ಹಾರದೊಳಗೆ ನಿಂತು ಹೆಂಡತಿಯ ಕಡೆ ನೋಡಿದ. ಅದು ಬೇಡಿಕೆಯ ನೋಟವಾಗಿರಲಿಲ್ಲ. ಸುಮ್ಮನೆ ನೋಡಿದ.

ಅವನು ಹತ್ತದಿದ್ದರೆ ಷಡಕ್ಷರಿ ಹತ್ತುತ್ತಾನೆ ಎಂದು ವಾಗ್ದೇವಿಗೆ ತಿಳಿಯಿತು. ಷಡಕ್ಷರಿಯ ಗೆರೆ ಅವಳ ಕಣ್ಣ ಮುಂದಿತ್ತು. ಅವಳು ಜನರ ನಡುವಿನಿಂದ ಮುಂದೆ ಬಂದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿದ್ದಳು.

"ಅವರು ಹೇಳಿದ್ದು ನಿಜ. ಹೊಸ ಗಾಡಿ ನೀವು ತಪ್ಪಿದಾಗ ನಿಮಗೆ ತಿಳಿಯದ ಹಾಗೆ ತಿದ್ದತ್ತೆ. ಹಾಗೆ ಬರೆದೋಳು ನಾನು. ಬೆಟ್ಟ ಹತ್ತದೇ ಇದ್ದಿದ್ದು ಅವರೊಬ್ಬರೇ ಅಲ್ಲ. ಇಲ್ಲಿ ಯಾರೂ ಹತ್ತಿಲ್ಲ."

ನಗು ಒಂದೇ ಸಲ ನಿಲ್ಲಲಿಲ್ಲ. ಅಲ್ಲೊಂದು ಇಲ್ಲೊಂದು ಉಳಿದು, ಬತ್ತಿತು. ಒಬ್ಬರ ಮುಖ ಒಬ್ಬರು ನೋಡದೆ ಎಲ್ಲರೂ ತಮ್ಮ ತಮ್ಮ ಗಾಡಿಯನ್ನು ನೋಡಿದರು.

"ನಮಗೆ ಸಹಾಯ ಬೇಡ ಅಂತ ನಾವು ಬಾಯ್ಬಿಟ್ಟು ಹೇಳಿರ್ಲಿಲ್ವಾ?" ಎಂದ ಷಡಕ್ಷರಿ. ಸಿಟ್ಟು ತಲೆಗೇರಿತ್ತು. "ನನ್ನ ಮಗಳಿಗೆ ನಾನೇ ಕಲಿಸಿದೀನಿ ಮೇಡಂ. ನಾನು ಹೆಂಗೆ ಓಡಿಸ್ತೀನೋ ಹಂಗೇ."

"ತಪ್ಪಾಯ್ತು," ಎಂದಳು. ಆ ಬಯಲಿಗೆ ಆ ಮಾತು ತೀರಾ ಚಿಕ್ಕದಾಗಿತ್ತು.

ಮುದ್ದುರಂಗಪ್ಪನವರು ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡರು. "ಈ ವಯಸ್ಸಲ್ಲೂ ತಾತನ ಕೈ ಹೆಂಗೈತೆ ನೋಡ್ರೋ ಅಂತ ಮೊಮ್ಮಕ್ಕಳ ಮುಂದೆ ಜಂಬ ಕೊಚ್ಕೊಂಡೆ ಕಣವ್ವ ನಾನು. ಊರಿಗೆಲ್ಲ ಹೇಳ್ಕೊಂಡೆ." ಯಾರ ಕಡೆಗೂ ನೋಡದೆ, "ನೀನು ಹೇಳ್ದೇ ಇದ್ದಿದ್ರೆ ಇವತ್ತು ಇವನ ಜೊತೆ ನಾನೂ ಕಂದಕಕ್ಕೆ ಹೋಗ್ತಿದ್ದೆ," ಎಂದರು. ಅದು ಬೈಗುಳವೋ ಕೃತಜ್ಞತೆಯೋ ಅವಳಿಗೆ ತಿಳಿಯಲಿಲ್ಲ.

ಯೋಗಾನರಸಿಂಹ ಹಾರ ತೆಗೆದು ಕನ್ನಡಿಗೆ ನೇತುಹಾಕಿದ. ಹಳೆಯ ಕಡವೆಯ ಚಾಲಕನ ಕಡೆಯಿಂದ ಹತ್ತಿದ. ಜನ ಬೆಟ್ಟದತ್ತ ದಾರಿ ಬಿಟ್ಟರು. ಅವನು ಗಾಡಿಯ ಮೂತಿಯನ್ನು ಬೆಟ್ಟಕ್ಕಲ್ಲ, ಬಯಲಿನ ಕಡೆಗೆ ತಿರುಗಿಸಿಕೊಂಡ. ಅಷ್ಟು ತಿರುಗಿಸುವುದರೊಳಗೇ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ನಿಂತುಹೋಯಿತು. ಡಾಕ್ಟರ ತಲೆ ಮೇಲಿನ ಕಂಬಿಗೆ ಬಡಿಯಿತು. ಯಾರೂ ನಗಲಿಲ್ಲ. ಮತ್ತೆ ಶುರು ಮಾಡಿದ. ಮತ್ತೆ ನಿಂತಿತು. ಡೀಸೆಲ್ ಹೊಗೆ ಎಲ್ಲರ ಮೇಲೂ ಹರಡಿತು.

"ಡಾಕ್ಟ್ರೇ, ನೀವು ಇಳೀರಿ," ಎಂದ ಅವನು. ಅವರು ತಲೆ ಸವರಿಕೊಳ್ಳುತ್ತ ಇಳಿದರು. ಅವನು ಮುಂದಿನ ಗಾಜನ್ನೇ ನೋಡುತ್ತ, ಹೆಂಡತಿಯ ಹೆಸರು ಹಿಡಿಯದೆ ಹೇಳಿದ. "ಬಂದು ಕೂತ್ಕೋ. ತಪ್ಪಿದಾಗ ಬಾಯಿಬಿಟ್ಟು ಹೇಳು."

ವಾಗ್ದೇವಿ ಹತ್ತಿ ಕೂತಳು. ಸೀಟು ಗಟ್ಟಿಯಾಗಿತ್ತು. ಅವನ ಪ್ರತಿ ತಪ್ಪನ್ನೂ ಅವಳು ಅವನಿಗಿಂತ ಚೆನ್ನಾಗಿ ಬಲ್ಲಳು. ಒಂದನ್ನೂ ಅವನ ಎದುರು ನುಡಿದು ಅವಳಿಗೆ ರೂಢಿಯಿರಲಿಲ್ಲ. ಅವನು ಗೇರು ಹಾಕಿ ಕಾಲು ತೆಗೆದ. ಗಾಡಿ ಎಗರಿ, ಸತ್ತಿತು.

"ಕ್ಲಚ್ಚು ಬೇಗ ಬಿಟ್ರಿ," ಎಂದಳು.

"ಕೇಳಿಸ್ಲಿಲ್ಲ."

ಹೊರಗೆ ಇಡೀ ಬಳಗ ನಿಂತಿತ್ತು. ಷಡಕ್ಷರಿ ತನ್ನ ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತಿದ್ದ.

"ಕ್ಲಚ್ಚು ಬೇಗ ಬಿಟ್ರಿ," ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು.

ಅವನ ಕಿವಿ ಕೆಂಪಾಯಿತು. ಅವಳ ಮುಖವೂ ಸುಡುತ್ತಿತ್ತು. ಅವನು ಕ್ಲಚ್ಚನ್ನು ಮತ್ತೆ ಪೂರ್ತಿ ಒತ್ತಿ ಹಿಡಿದು, ಕೀಲಿ ತಿರುಗಿಸಿದ.